ಹದ್ದಿನ ಬಳಿ ಅಕ್ಷರಾಭ್ಯಾಸ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ಬಿಡದಿಯನ್ನು ದಾಟಿದ ಮೇಲೆ ಬಲಗಡೆಯ ಕಿಟಕಿಯ ಬಳಿ ಕುಳಿತಿದ್ದರೆ, ರಾಮನಗರ ಹತ್ತಿರವಾದಂತೆಲ್ಲ ಬರಿಯ ಬಂಡೆಗಳ ಸಾಲೊಂದು ನೆಲದಿಂದ ಎದ್ದು ನಿಲ್ಲುವುದನ್ನು ಕಾಣಬಹುದು. ಗಿಡವಿಲ್ಲ, ಮಣ್ಣಿಲ್ಲ, ಬಿಸಿಲಿಗೆ ಮೈಯೊಡ್ಡಿದ ಕಲ್ಲು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನಿಂದ ಈ ಊರಿಗೆ ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರು ಆ ಹೆಸರನ್ನು ಕಳಚಿಹಾಕಿ ರಾಮನಗರವಾಯಿತು; ಆದರೆ ಭೂವಿಜ್ಞಾನಿಗಳು ಇಲ್ಲಿಯ ಶಿಲೆಯನ್ನು ಇಂದಿಗೂ ‘ಕ್ಲೋಸ್‌ಪೇಟೆ ಗ್ರ್ಯಾನೈಟ್’ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಮನುಷ್ಯರು ಇಟ್ಟ ಹೆಸರುಗಳು ಬದಲಾಗುವುದನ್ನು ನೋಡುತ್ತ ಕುಳಿತಿರಲು ಕಲ್ಲಿಗೆ ಸಾಕಷ್ಟು ಬಿಡುವುಂಟು.

ಈ ಸಾಲಿನಲ್ಲಿ ಒಂದು ರಾಮದೇವರ ಬೆಟ್ಟ. ಊರಿನಿಂದ ಮೂರು ಕಿಲೋಮೀಟರಿನಷ್ಟು ದೂರ. ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಬಂಡೆಗಳು ಇವೇ ಎಂದು ದೂರದೂರದವರು ನೋಡಲು ಬರುತ್ತಾರೆ. ನಾನು ಈ ಬೆಟ್ಟಕ್ಕೆ ಕೂಗಳತೆಯಲ್ಲೆನ್ನುವಷ್ಟು ಹತ್ತಿರ ಹದಿನೆಂಟು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಜಟಾಯುವಿನ ಪ್ರಸಂಗವನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದೆನೋ ಲೆಕ್ಕವಿಲ್ಲ. ಆದರೂ ಪುಸ್ತಕದಿಂದ ತಲೆಯೆತ್ತಿ ಈ ಬೆಟ್ಟದ ಮೇಲಣ ಆಕಾಶವನ್ನು ನಾನು ನೋಡಿದ್ದು ನಲವತ್ತಮೂರನೆಯ ವಯಸ್ಸಿನಲ್ಲಿ. ಅದೂ ಬೇರೆಲ್ಲೋ ಹಾರಲು ಹೋಗಿ ಕಾಲು ಉಳುಕಿಸಿಕೊಂಡು ಮನೆಗೆ ಬಂದ ಮೇಲೆ. ಆ ಉಳುಕಿನ ಕಥೆಯನ್ನೂ ಅದರಿಂದ ನಾನು ಕಲಿತ ಒಂದೆರಡು ಅಕ್ಷರಗಳನ್ನೂ ಇಲ್ಲಿ ನಿವೇದಿಸುತ್ತೇನೆ.

ರೆಕ್ಕೆಯೊಡನೆ ಮೊದಲ ಜಗಳ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ರಜೆ ಬಂತೆಂದರೆ ಪ್ಯಾರಾಗ್ಲೈಡರ್ ಹೊತ್ತು ಬೆಟ್ಟ ಹುಡುಕಿಕೊಂಡು ಹೋಗುವುದು ಅವನ ಹವ್ಯಾಸ. ಒಂದು ದಿನ ಮನೆಗೆ ಬಂದವನು, ‘ಸಾರ್, ಗಾಳಿಯ ವರ್ಣನೆಯ ಪದ್ಯಗಳನ್ನೆಲ್ಲ ನಮ್ಮಿಂದ ಬಾಯಿಪಾಠ ಮಾಡಿಸಿದಿರಿ. ಒಮ್ಮೆ ನೀವೇ ಗಾಳಿಯನ್ನು ಕೈಯಲ್ಲಿ ಹಿಡಿದು ನೋಡಬಾರದೇ?’ ಎಂದನು. ಶಿಷ್ಯನ ಮಾತಿನಲ್ಲಿ ಸವಾಲಿತ್ತು. ನನ್ನ ವಯಸ್ಸಿನಲ್ಲಿ ಸವಾಲುಗಳು ಅಪರೂಪವಾದ್ದರಿಂದ ಅದು ನಾಟಿತು. ಮನೆಯಲ್ಲಿ ಹೇಳಿದಾಗ, ‘ಸ್ಕೂಟರಿನಲ್ಲಿ ಮಾಗಡಿಗೆ ಹೋಗಿ ಬಂದರೆ ಸೊಂಟನೋವು ಎನ್ನುತ್ತೀರಿ. ಆಕಾಶಕ್ಕೆ ಯಾವ ಸೊಂಟ ಕಟ್ಟಿಕೊಂಡು ಹೋಗುತ್ತೀರಿ?’ ಎಂಬ ಪ್ರಶ್ನೆ ಬಂತು. ಅದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ಅಂತೂ ಪುಣೆಗೂ ಲೋನಾವಳಕ್ಕೂ ನಡುವಣ ಕಾಮಶೇತ್ ಎಂಬಲ್ಲಿಗೆ ಹೋದೆವು. ಸಹ್ಯಾದ್ರಿಯ ಸಣ್ಣ ಗುಡ್ಡಗಳು ಅಲ್ಲಿ ಕಲಿಯುವವರಿಗೆ ಹೇಳಿಮಾಡಿಸಿದಂತಿವೆ. ಪ್ಯಾರಾಗ್ಲೈಡರ್ ಎಂದರೆ ಏನೆಂದು ತಿಳಿಯದ ಓದುಗರಿಗಾಗಿ ಒಂದು ಮಾತು. ಅದರಲ್ಲಿ ಯಂತ್ರವಿಲ್ಲ, ಗಟ್ಟಿಯಾದ ಚೌಕಟ್ಟೂ ಇಲ್ಲ. ನಾಲ್ಕೈದು ಕಿಲೋ ತೂಗುವ ಬಟ್ಟೆಯ ರೆಕ್ಕೆ. ಅದರ ಮುಂದಣ ಅಂಚಿನಲ್ಲಿ ಬಾಯಿ ತೆರೆದ ಸಾಲು ಚೀಲಗಳು. ಗಾಳಿ ಒಳಹೊಕ್ಕು ತುಂಬಿದಾಗ ಬಟ್ಟೆಯೇ ಬಿಗಿದು ರೆಕ್ಕೆಯ ಆಕಾರ ತಾಳುತ್ತದೆ. ಹತ್ತಾರು ದಾರಗಳ ಕೆಳಗೆ ಜೋಲಿಯಂಥ ಆಸನದಲ್ಲಿ ಮನುಷ್ಯ. ಇಂಥ ಗಾಳಿಚೀಲದ ರೆಕ್ಕೆಯನ್ನು ೧೯೬೪ರಲ್ಲಿ ಅಮೆರಿಕದ ಡೊಮಿನಾ ಜಾಲ್ಬರ್ಟ್ ರೂಪಿಸಿದನು. ೧೯೭೮ರಲ್ಲಿ ಫ್ರಾನ್ಸಿನ ಮಿಯೂಸಿ ಎಂಬ ಹಳ್ಳಿಯಲ್ಲಿ ಮೂವರು ಗೆಳೆಯರು, ವಿಮಾನದಿಂದ ಧುಮುಕುವ ಬದಲು ಬೆಟ್ಟದ ಇಳಿಜಾರಿನಲ್ಲಿ ಓಡಿಯೇ ಗಾಳಿಗೇರಬಹುದೆಂದು ತೋರಿಸಿದರು. ನಮ್ಮ ದೇಶದಲ್ಲಿ ಹಿಮಾಚಲದ ಬೀರ್-ಬಿಲ್ಲಿಂಗ್ ಈ ವಿದ್ಯೆಯ ದೊಡ್ಡ ಕೇಂದ್ರ. ೨೦೧೫ರಲ್ಲಿ ಅಲ್ಲಿ ವಿಶ್ವಕಪ್ ಸ್ಪರ್ಧೆಯೇ ನಡೆಯಿತು.

ಮೊದಲ ಮೂರು ದಿನ ನೆಲ ಬಿಡಲಿಲ್ಲ. ಬಯಲಿನಲ್ಲಿ ನಿಂತು ರೆಕ್ಕೆಯನ್ನು ತಲೆಯ ಮೇಲಕ್ಕೆ ಎತ್ತಿ ನಿಲ್ಲಿಸುವುದೇ ಪಾಠ. ನಾನು ಎಡಕ್ಕೆ ಎಳೆದರೆ ರೆಕ್ಕೆ ಬಲಕ್ಕೆ. ನಾನು ನಿಂತರೆ ಅದು ನಡೆಯುವುದು. ನಾನು ನಡೆದರೆ ಅದು ಮಲಗುವುದು. ಹಗ್ಗ ಕಿತ್ತುಕೊಂಡ ಹೋರಿಯ ಹಿಂದೆ ಓಡುವ ರೈತನಂತೆ ನಾನು ಬಯಲು ತುಂಬ ಎಳೆದಾಡಿಸಿಕೊಂಡೆ. ಮಗನ ವಯಸ್ಸಿನ ಶಿಕ್ಷಕ ಸಹನೆಯಿಂದ, ‘ರೆಕ್ಕೆಯನ್ನು ನೋಡಬೇಡಿ. ಅದು ನಿಮ್ಮ ಸೊಂಟಕ್ಕೆ ಏನು ಹೇಳುತ್ತಿದೆ, ಕೇಳಿ’ ಎಂದು ಹಿಂದಿಯಲ್ಲಿ ಹೇಳುತ್ತಿದ್ದನು. ಇಪ್ಪತ್ತು ವರ್ಷ ಕಣ್ಣು ಕಿವಿಗಳಿಂದಲೇ ಓದಿದವನಿಗೆ ಸೊಂಟದಿಂದ ಓದುವುದು ಹೊಸ ವಿದ್ಯೆ.

ನಾಲ್ಕನೆಯ ದಿನ ಗುಡ್ಡದಿಂದ ಓಡಿದೆ. ಐದಾರು ಹೆಜ್ಜೆಗಳಲ್ಲಿ ಕಾಲಿಗೆ ನೆಲ ಸಿಗದಾಯಿತು. ಆ ಗಳಿಗೆಯ ವಿಸ್ಮಯವನ್ನು ವರ್ಣಿಸಲು ಹೋಗುವುದಿಲ್ಲ. ಎರಡು ನಿಮಿಷದಲ್ಲಿ ಕೆಳಗಿನ ಹೊಲದಲ್ಲಿದ್ದೆ ಎಂದಷ್ಟೇ ಹೇಳಿದರೆ ಸಾಕು. ಪ್ಯಾರಾಗ್ಲೈಡರ್ ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚಾಗಿ ಇಳಿಯುತ್ತಲೇ ಇರುತ್ತದೆ. ಒಂದು ಮೀಟರ್ ಇಳಿಯುವಷ್ಟರಲ್ಲಿ ಎಂಟೊಂಬತ್ತು ಮೀಟರ್ ಮುಂದೆ ಸಾಗುತ್ತದೆ, ಅಷ್ಟೆ. ಗುಡ್ಡಕ್ಕೆ ಎದುರಾಗಿ ಬೀಸುವ ಗಾಳಿ ಇಳಿಜಾರನ್ನು ಹತ್ತುವಾಗ ಅದರ ಬೆನ್ನೇರಿ ಆಚೀಚೆ ಓಲಾಡುವುದು ಎರಡನೆಯ ತರಗತಿ. ಆದರೆ ಗುಡ್ಡವನ್ನು ಬಿಟ್ಟು ಮೇಲೇರಿ ದೂರ ಸಾಗಬೇಕಾದರೆ ಮೂರನೆಯ ತರಗತಿಗೆ ಹೋಗಲೇಬೇಕು. ಹಾರಾಟಗಾರರು ‘ಥರ್ಮಲ್’ ಎನ್ನುವ ಬಿಸಿಗಾಳಿಯ ಬುಗ್ಗೆಯನ್ನು ಹುಡುಕಿ, ಅದರೊಳಗೆ ಸುತ್ತುತ್ತ ಏರಬೇಕು.

ಕಾಣದ ಬುಗ್ಗೆ

ಸೂರ್ಯನ ಬಿಸಿಲು ಗಾಳಿಯನ್ನು ನೇರವಾಗಿ ಬಿಸಿಮಾಡುವುದು ಅತ್ಯಲ್ಪ. ಅದು ನೆಲವನ್ನು ಕಾಯಿಸುತ್ತದೆ. ನೆಲ ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಎಲ್ಲ ನೆಲವೂ ಒಂದೇ ಸಮನೆ ಕಾಯುವುದಿಲ್ಲ. ನೀರು ನಿಂತ ಗದ್ದೆ ತಂಪಾಗಿರುವಾಗ ಪಕ್ಕದ ಒಣ ಹೊಲ ಕಾದಿರುತ್ತದೆ. ಕಾದ ಗಾಳಿ ಹಗುರವಾಗಿ ನೆಲಕ್ಕಂಟಿಕೊಂಡೇ ಸ್ವಲ್ಪ ಹೊತ್ತು ಹೊಂಚುಹಾಕುತ್ತದೆ. ಬಳಿಕ ಬೇಲಿಯ ಸಾಲು, ಬಂಡೆಯ ಅಂಚು, ಮರದ ತೋಪಿನ ತುದಿ ಮುಂತಾದ ಯಾವುದೋ ಒಂದು ನೆಪ ಸಿಕ್ಕಾಗ ಕಿತ್ತುಕೊಂಡು ಮೇಲೇಳುತ್ತದೆ. ಮೇಲೇರಿದಂತೆ ಹಿಗ್ಗಿ, ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿಯಂತೆ ತಣಿಯುತ್ತದೆ. ತಣಿದೂ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವವರೆಗೆ ಅದರ ಏರಿಕೆ ನಿಲ್ಲದು. ಅದರಲ್ಲಿರುವ ತೇವ ಹನಿಗಟ್ಟುವ ಎತ್ತರ ಬಂದಾಗ ನೆತ್ತಿಯ ಮೇಲೆ ಹತ್ತಿಯ ಉಂಡೆಯಂಥ ಮೋಡವೊಂದು ಹುಟ್ಟುತ್ತದೆ. ಮಧ್ಯಾಹ್ನದ ಇಂಥ ಮೋಡಗಳ ತಳ ಗೆರೆ ಎಳೆದಂತೆ ಸಮನಾಗಿರುವುದು ಇದರಿಂದಲೇ.

ಬಾಲ್ಯದಲ್ಲಿ ನಾವೆಲ್ಲರೂ ಈ ಬುಗ್ಗೆಯ ಪಾದವನ್ನು ಕಂಡಿದ್ದೇವೆ. ಬೇಸಗೆಯ ನಡುಹಗಲು ಬಯಲಿನಲ್ಲಿ ತರಗೆಲೆ, ಧೂಳು, ಕಾಗದದ ಚೂರುಗಳನ್ನು ಎತ್ತಿಕೊಂಡು ಗಿರಗಿರನೆ ಹೋಗುವ ಸುಳಿಗಾಳಿಯೇ ಅದು. ‘ಅದರೊಳಗೆ ಹೋಗಬೇಡಿರೋ’ ಎಂದು ಅಜ್ಜಿ ಗದರಿಸುತ್ತಿದ್ದರು. ಅಜ್ಜಿಯ ಮಾತು ಹಾರಾಟಗಾರರಿಗೂ ಒಪ್ಪುತ್ತದೆ. ನೆಲದ ಹತ್ತಿರದ ಸುಳಿಗಾಳಿ ರೆಕ್ಕೆಯನ್ನು ಮಡಿಸಿ ಎಸೆಯಬಲ್ಲದು.

ಬುಗ್ಗೆಯೊಳಗೆ ಹೋಗುವುದೆಂದರೆ ಏನೆಂದು ಪುಸ್ತಕ ಓದಿ ತಿಳಿದುಕೊಂಡಿದ್ದೆ. ಅನುಭವ ಬೇರೆಯಾಗಿತ್ತು. ಏರುವ ಗಾಳಿಯ ಸುತ್ತ ಇಳಿಯುವ ಗಾಳಿಯ ಕೊಳವೆಯಿರುತ್ತದೆ. ಆದ್ದರಿಂದ ಒಳಿತಿನ ಮೊದಲ ಸೂಚನೆ ಕೆಡುಕಿನ ರೂಪದಲ್ಲಿಯೇ ಬರುತ್ತದೆ. ಆಸನ ಕುಸಿದಂತಾಗಿ ಹೊಟ್ಟೆ ತೊಳಸುತ್ತದೆ. ಮರುಕ್ಷಣ ರೆಕ್ಕೆಯ ಒಂದು ಪಕ್ಕವನ್ನು ಯಾರೋ ಕೆಳಗಿನಿಂದ ಎತ್ತಿದಂತಾಗುತ್ತದೆ. ಎತ್ತಿದ ಪಕ್ಕದಲ್ಲಿಯೇ ಬುಗ್ಗೆ. ಆದರೆ ಎತ್ತಿದ ರೆಕ್ಕೆ ನಮ್ಮನ್ನು ಎದುರು ದಿಕ್ಕಿಗೆ ಓಲಿಸುತ್ತದೆ. ಭಯವೂ ಅತ್ತಲೇ ದೂಡುತ್ತದೆ. ಕಲಿಯುವವನು ಸುಲಭವಾದ ಕಡೆಗೆ ತಿರುಗಿ, ಬುಗ್ಗೆಯಿಂದ ಹೊರಬಿದ್ದು, ಗಾಳಿ ಶಾಂತವಾಯಿತೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಆ ಸಮಾಧಾನದಲ್ಲಿಯೇ ನೆಲಕ್ಕೆ ಬರುತ್ತಾನೆ. ತಳ್ಳಿದತ್ತ ಹೋಗದೆ, ತಳ್ಳುವುದರ ಕಡೆಗೇ ಒರಗಬೇಕು. ಒರಗಿ ಎರಡು ಮೂರು ಎಣಿಸಿ ತಿರುಗಬೇಕು. ಹದಿನೈದಿಪ್ಪತ್ತು ಸೆಕೆಂಡಿಗೊಂದು ಸುತ್ತಿನಂತೆ ಸುತ್ತುತ್ತ, ಏರಿಕೆ ಹೆಚ್ಚಿದ ಕಡೆಗೆ ವೃತ್ತವನ್ನು ಸರಿಸುತ್ತ ಹೋಗಬೇಕು. ಗಾಳಿ ಬೀಸುತ್ತಿದ್ದರೆ ಬುಗ್ಗೆಯೂ ಹೊಗೆಯಂತೆ ಓರೆಯಾಗಿರುತ್ತದೆ. ಅದರೊಡನೆ ನಾವೂ ಓರೆಯಾಗಿ ಸಾಗಬೇಕು. ಚನ್ನಪಟ್ಟಣದ ಬುಗುರಿಯನ್ನು ಆಡಿಸಿದವರಿಗೆ ಇದು ತಿಳಿದೀತು. ಹಾಲೆಮರದ ಆ ಬಣ್ಣದ ಬುಗುರಿ ತಿರುಗುತ್ತಿರುವಷ್ಟು ಹೊತ್ತು ನಿಂತಿರುತ್ತದೆ, ನಿಂತೂ ಒಂದೆಡೆ ನಿಲ್ಲದೆ ಜಾರುತ್ತಿರುತ್ತದೆ.

ಇನ್ನೊಂದು ತೊಡಕೂ ಉಂಟು. ಏರತೊಡಗಿದ ಕ್ಷಣ ನಮ್ಮ ಕಿವಿಯೊಳಗಿನ ಇಂದ್ರಿಯಕ್ಕೆ ತಿಳಿಯುತ್ತದೆ. ಒಂದೇ ವೇಗದಲ್ಲಿ ಏರುತ್ತಿದ್ದರೆ ತಿಳಿಯುವುದಿಲ್ಲ. ಅದಕ್ಕಾಗಿ ‘ವೇರಿಯೊಮೀಟರ್’ ಎಂಬ ಪುಟ್ಟ ಯಂತ್ರವನ್ನು ಕಟ್ಟಿಕೊಳ್ಳುತ್ತಾರೆ. ಗಾಳಿಯ ಒತ್ತಡದ ವ್ಯತ್ಯಾಸವನ್ನು ಅಳೆದು, ಏರುವಾಗ ಮರಿಹಕ್ಕಿಯಂತೆ ಕೀಚುಗುಟ್ಟುತ್ತದೆ, ಇಳಿಯುವಾಗ ನರಳುತ್ತದೆ. ನನ್ನದು ಹೆಚ್ಚಾಗಿ ನರಳುತ್ತಲೇ ಇತ್ತು.

ಎರಡನೆಯ ವರ್ಷದ ಬೇಸಗೆಯಲ್ಲಿ ಅದು ಸಂಭವಿಸಿತು. ಜೊತೆಯವರೆಲ್ಲ ಮೇಲೇರಿ ಹೋಗಿದ್ದರು. ನಾನೊಬ್ಬನೇ ಗುಡ್ಡದ ಬುಡದಲ್ಲಿ ಒಂದೊಂದೇ ಮೀಟರಿಗೆ ಜಿಪುಣತನ ಮಾಡುತ್ತ ತಡಕಾಡುತ್ತಿದ್ದೆ. ಇಳಿಯುವ ಹೊತ್ತು ಮೀರಿತ್ತು. ಇಳಿಯಬೇಕೆಂದು ಶಿಕ್ಷಕರು ಮೊದಲೇ ಹೇಳಿದ್ದರು. ಎಡಗಡೆ ಕೀಚು ಎಂದಿತೆಂದು, ನೆಲದಿಂದ ಇಪ್ಪತ್ತು ಮೀಟರ್ ಎತ್ತರದಲ್ಲಿ ತಿರುಗಿದೆ. ಸುತ್ತು ಮುಗಿಯುವಷ್ಟು ಎತ್ತರ ಉಳಿದಿರಲಿಲ್ಲ. ಕೊಯಿಲಾದ ಹೊಲದ ಬದುವಿಗೆ ಕಾಲು ಬಡಿಯಿತು. ಎಲುಬು ಮುರಿಯದೆ ಕಾಲು ಉಳುಕಿದ್ದು ಪುಣ್ಯ. ತಪ್ಪು ಯಾರದೂ ಅಲ್ಲ, ನನ್ನ ಆಸೆಯದು. ಇನ್ನೂ ಖಚಿತವಾಗಿ ಹೇಳುವುದಾದರೆ, ಗಾಳಿಯನ್ನು ಓದದೆ ಯಂತ್ರದ ಕೀಚನ್ನು ನಂಬಿದ್ದರದು. ಪದ್ಯವನ್ನು ಓದದೆ ಕೈಪಿಡಿಯನ್ನು ಓದಿ ಪರೀಕ್ಷೆಗೆ ಕೂರುವ ಹುಡುಗರನ್ನು ನಾನು ಎಷ್ಟು ಬೈದಿದ್ದೇನೆಂಬುದು ಹೊಲದಲ್ಲಿ ಕುಳಿತಿದ್ದಾಗ ನೆನಪಾಯಿತು.

ಬಂಡೆ, ಕೆರೆ, ಹೊಲ

ಪಟ್ಟಿ ಕಟ್ಟಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು ರಾಮನಗರದ ಮನೆಯ ತಾರಸಿಯಲ್ಲಿ ಮೂರು ವಾರ ಕುಳಿತೆ. ಮಾಡಲು ಬೇರೆ ಕೆಲಸವಿಲ್ಲದೆ ಆಕಾಶ ನೋಡತೊಡಗಿದೆ. ಬೆಳಗಿನ ಎಂಟು ಗಂಟೆಗೆ ಹದ್ದುಗಳು ರೆಕ್ಕೆ ಬಡಿಯುತ್ತ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋಗುತ್ತಿದ್ದವು. ಒಂಬತ್ತೂವರೆಗೆ ಒಂದೆರಡು ಸುತ್ತು ಸುತ್ತಿ ಮತ್ತೆ ಕೂರುತ್ತಿದ್ದವು. ಹತ್ತು ದಾಟಿತೆಂದರೆ ರೆಕ್ಕೆ ಬಡಿಯುವುದು ನಿಂತೇ ಹೋಗುತ್ತಿತ್ತು. ಚಾಚಿದ ರೆಕ್ಕೆಯಲ್ಲಿ ಸುತ್ತುತ್ತ ಸುತ್ತುತ್ತ ಚುಕ್ಕೆಯಾಗಿಬಿಡುತ್ತಿದ್ದವು. ಪ್ರತಿದಿನವೂ ಅವು ಏರಿದ್ದು ಒಂದೆರಡು ಕಡೆಗಳಿಂದಲೇ: ಬಂಡೆಯ ಪೂರ್ವದ ಮೈ ಮುಗಿಯುವ ಅಂಚಿನಿಂದ, ಇಲ್ಲವೆ ಹಿಪ್ಪುನೇರಳೆಯ ತೋಟ ಕೊನೆಗೊಂಡು ಒಣಹೊಲ ಆರಂಭವಾಗುವ ಗಡಿಯಿಂದ. ಕೆರೆಯ ಮೇಲೆ ಬಂದಾಗ ಸುತ್ತದೆ ನೇರವಾಗಿ ವೇಗದಿಂದ ದಾಟುತ್ತಿದ್ದವು. ಒಂದು ನೋಟುಪುಸ್ತಕ ತರಿಸಿ ಗಂಟೆ, ಬಿಸಿಲು, ಗಾಳಿಯ ದಿಕ್ಕು, ಏರಿದ ಜಾಗ, ಇಷ್ಟನ್ನು ಬರೆದಿಡತೊಡಗಿದೆ.

ಕಾಲು ನೆಟ್ಟಗಾದ ಮೇಲೆ ಅದೇ ಪುಸ್ತಕವನ್ನು ಹಿಡಿದು ಸುತ್ತಿದೆ. ಮಾಗಡಿಯ ಸಾವನದುರ್ಗ ೧,೨೨೬ ಮೀಟರ್ ಎತ್ತರದ ಏಕಶಿಲೆ. ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಹತ್ತಿದ ದುರ್ಗ. ಅಲ್ಲಿ ಬೆಳಗಿನ ಹೊತ್ತು ಒಂದು ಮೈ, ಮಧ್ಯಾಹ್ನದ ಮೇಲೆ ಇನ್ನೊಂದು ಮೈ ಹದ್ದುಗಳನ್ನು ಎತ್ತುತ್ತದೆ. ಕನಕಪುರದ ಕಡೆಯ ಕುರುಚಲು ಗುಡ್ಡಗಳಲ್ಲಿ ಬುಗ್ಗೆಗಳು ಬೇಗ ಏಳುತ್ತವೆ. ಚನ್ನಪಟ್ಟಣದ ತೆಂಗಿನ ತೋಟ ಮತ್ತು ಕೆರೆಗಳ ಸೀಮೆಯಲ್ಲಿ ತಡವಾಗಿ, ಮೆಲ್ಲಗೆ ಏಳುತ್ತವೆ. ಬಂಡೆ ಕಾಯುವುದು ನಿಧಾನ. ಆದರೆ ಕಾದ ಮೇಲೆ ಮರೆಯುವುದೂ ನಿಧಾನ. ಸಂಜೆ ಹೊಲಗಳು ತಣಿದ ಮೇಲೂ ಬಂಡೆಯ ಮೇಲೆ ಒಂದು ಮೆತ್ತನೆಯ ಏರುಗಾಳಿ ಉಳಿದಿರುತ್ತದೆ. ಈ ನಾಲ್ಕು ತಾಲ್ಲೂಕುಗಳನ್ನು ನಾನು ಬಸ್ಸಿನ ಕಿಟಕಿಯಿಂದ ಎಷ್ಟೋ ವರ್ಷ ನೋಡಿದ್ದೆ. ಅವುಗಳಿಗೆ ಗಾಳಿಯಲ್ಲಿ ಬರೆದ ಇನ್ನೊಂದು ಭೂಪಟವಿದೆಯೆಂಬುದು ಆಗ ಹೊಳೆದಿರಲಿಲ್ಲ.

ಆಗ್ರದ ವಿಜ್ಞಾನಿ

ನಾನು ಮಾಡಿದ್ದು ಹೊಸದೇನೂ ಅಲ್ಲವೆಂದು ಆಮೇಲೆ ತಿಳಿಯಿತು. ನೂರು ವರ್ಷಗಳಿಗೂ ಹಿಂದೆ ಆಗ್ರದಲ್ಲಿ ಸರ್ಕಾರದ ರಾಸಾಯನಿಕ ಪರೀಕ್ಷಕನಾಗಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಆಂಗ್ಲನು ಇದೇ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದನು. ಗಂಗಾ ಯಮುನೆಯರ ನೀರಿಗೆ ಕಾಲರಾ ಕ್ರಿಮಿಗಳನ್ನು ಕೊಲ್ಲುವ ಶಕ್ತಿಯಿದೆಯೆಂದು ೧೮೯೬ರಲ್ಲಿ ಬರೆದ ವಿಜ್ಞಾನಿ ಇವನೇ. ಬಿಡುವಿನಲ್ಲಿ ಆಗ್ರದ ಹದ್ದು ರಣಹದ್ದುಗಳನ್ನು ಗಮನಿಸುತ್ತ, ೧೯೧೩ರಲ್ಲಿ ಪ್ರಾಣಿಗಳ ಹಾರಾಟವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ಬೆಳಗಿನ ಗಾಳಿ ಒಂದು ನಿರ್ದಿಷ್ಟ ಹೊತ್ತಿಗೆ ‘ತೇಲಲು ಯೋಗ್ಯ’ವಾಗುತ್ತದೆ, ಹಗುರವಾದ ಹದ್ದುಗಳು ಮೊದಲು, ಭಾರವಾದ ರಣಹದ್ದುಗಳು ಅನಂತರ ಏರುತ್ತವೆ ಎಂದು ಅವನು ಗುರುತಿಸಿದ್ದನು. ಬುಗ್ಗೆಯ ಕಾರಣವನ್ನು ಅವನು ಪೂರ್ಣವಾಗಿ ಬಿಡಿಸಲಾರದೆ ಹೋದರೂ ಅವನ ಗಡಿಯಾರ ಸರಿಯಾಗಿತ್ತು. ಅವನಿಗಿಂತ ಮುಂಚೆ ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಕೊಕ್ಕರೆಗಳನ್ನು ನೋಡಿ ನೋಡಿ ೧೮೮೯ರಲ್ಲಿ ಪುಸ್ತಕ ಬರೆದು, ತಾನೇ ಕಟ್ಟಿದ ರೆಕ್ಕೆಗಳಲ್ಲಿ ಸಾವಿರಾರು ಸಲ ಹಾರಿದನು. ೧೮೯೬ರಲ್ಲಿ ಗಾಳಿಯ ಹೊಡೆತಕ್ಕೆ ಸಿಕ್ಕಿ ಬಿದ್ದು ಸತ್ತನು. ಮುಂದೆ ೧೯೭೦ರ ಸುಮಾರಿಗೆ ಕಾಲಿನ್ ಪೆನಿಕ್ವಿಕ್ ಎಂಬ ವಿಜ್ಞಾನಿ ಪೂರ್ವ ಆಫ್ರಿಕದಲ್ಲಿ ಗ್ಲೈಡರ್ ಹತ್ತಿ ರಣಹದ್ದುಗಳ ಜೊತೆಯಲ್ಲಿಯೇ ಹಾರಿ, ಅವುಗಳ ವೇಗ ಇಳಿತಗಳನ್ನು ಅಳೆದನು.

ರಣಹದ್ದು ಇಷ್ಟೊಂದು ವಿದ್ವಾಂಸರನ್ನು ಸೆಳೆದದ್ದಕ್ಕೆ ಕಾರಣವಿದೆ. ಅದು ಐದಾರು ಕಿಲೋ ಭಾರದ ಹಕ್ಕಿ. ಎರಡು ಮೀಟರಿಗೂ ಮೀರಿ ಚಾಚುವ ರೆಕ್ಕೆ. ಆ ಭಾರವನ್ನು ರೆಕ್ಕೆ ಬಡಿದು ಬಹಳ ಹೊತ್ತು ಹೊರಲಾರದು. ಆದ್ದರಿಂದ ಬೆಳಗಿನಲ್ಲಿ ಬಂಡೆಯ ಮೇಲೆ ಕುಳಿತು ಬಿಸಿಲಿಗೆ ಕಾಯುತ್ತದೆ. ಬುಗ್ಗೆ ಎದ್ದಿತೆಂದರೆ ರೆಕ್ಕೆಯ ತುದಿಯ ಗರಿಗಳನ್ನು ಬೆರಳುಗಳಂತೆ ಬಿಡಿಸಿ, ಕಿರಿದಾದ ವೃತ್ತದಲ್ಲಿ ಏರಿ, ಒಂದು ಬುಗ್ಗೆಯಿಂದ ಇನ್ನೊಂದಕ್ಕೆ ಜಾರುತ್ತ ದಿನಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ಅಲೆಯಬಲ್ಲದು. ೧೯೭೩ರಲ್ಲಿ ಆಫ್ರಿಕದ ಒಂದು ರಣಹದ್ದು ಸುಮಾರು ೧೧,೩೦೦ ಮೀಟರ್ ಎತ್ತರದಲ್ಲಿ ವಿಮಾನಕ್ಕೆ ಬಡಿದ ದಾಖಲೆಯಿದೆ. ಸಂಪಾತಿ ಜಟಾಯುಗಳು ಪಂತಕಟ್ಟಿ ಸೂರ್ಯನತ್ತ ಹಾರಿದರೆಂದೂ, ತಮ್ಮನನ್ನು ಕಾಪಾಡಲು ಹೋಗಿ ಅಣ್ಣನ ರೆಕ್ಕೆ ಸುಟ್ಟಿತೆಂದೂ ರಾಮಾಯಣ ಹೇಳುತ್ತದೆ. ಈ ಕಥೆಯನ್ನು ನಾನು ಭ್ರಾತೃಪ್ರೇಮಕ್ಕೆ ಉದಾಹರಣೆಯಾಗಿ ಪಾಠ ಹೇಳುತ್ತಿದ್ದೆ. ಹದ್ದುಗಳು ಮೇಲೇರುವುದು ಸೂರ್ಯನ ಬಲದಿಂದಲೇ ಎಂಬುದನ್ನು ಆ ಕಥೆ ಕಟ್ಟಿದವರು ಗಮನಿಸಿದ್ದರೇನೋ ಎಂದು ಈಗ ಅನ್ನಿಸುತ್ತದೆ.

ಗುರುಗಳು ಎಲ್ಲಿ?

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಿಜವಾದ ಗುರುಗಳ ದರ್ಶನಕ್ಕೆಂದು ರಾಮದೇವರ ಬೆಟ್ಟಕ್ಕೆ ಹೋದೆ. ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಕಡಿದಾದ ಬಂಡೆಗಳು ಇಲ್ಲಿವೆ. ಅದಕ್ಕಾಗಿಯೇ ೨೦೧೨ರಲ್ಲಿ ಸುಮಾರು ೩೪೬ ಹೆಕ್ಟೇರ್ ಪ್ರದೇಶವನ್ನು ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಯಿತು; ಈ ಬಗೆಯದು ದೇಶದಲ್ಲಿ ಇದೇ ಮೊದಲು. ಮೊದಲ ದಿನ ಎಂಟರಿಂದ ಹನ್ನೊಂದರವರೆಗೆ ಕಾದೆ. ಹದ್ದುಗಳು ಎದ್ದವು, ರಣಹದ್ದು ಏಳಲಿಲ್ಲ. ಎರಡನೆಯ ದಿನವೂ ಹಾಗೆಯೇ ಆಯಿತು. ನೋಟುಪುಸ್ತಕದ ಆ ಪುಟಗಳಲ್ಲಿ ಒಂದೇ ಪದ ಕೆಳಗಿನಿಂದ ಕೆಳಕ್ಕೆ ಇಳಿದಿದೆ: ಇಲ್ಲ, ಇಲ್ಲ, ಇಲ್ಲ.

ಇದರ ಕಥೆ ಗಾಳಿಯದಲ್ಲ, ನೆಲದ್ದು. ೧೯೯೦ರ ದಶಕದ ಆದಿಯಿಂದ ೨೦೦೭ರ ವೇಳೆಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ ೯೯ಕ್ಕೂ ಮೀರಿ ಅಳಿದವು. ಉದ್ದಕೊಕ್ಕಿನವು ನೂರಕ್ಕೆ ಸುಮಾರು ೯೭ರಷ್ಟು ಅಳಿದವು. ಮೊದಲಿಗೆ ಯಾವುದೋ ಸಾಂಕ್ರಾಮಿಕ ರೋಗವೆಂದು ಊಹಿಸಿದರು. ೨೦೦೪ರಲ್ಲಿ ಪ್ರಕಟವಾದ ಸಂಶೋಧನೆ ನಿಜವಾದ ಕಾರಣವನ್ನು ತೋರಿಸಿತು: ದನಗಳ ನೋವು ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧ. ಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಸತ್ತ ದನವನ್ನು ತಿಂದರೆ ಹಕ್ಕಿಯ ಮೂತ್ರಪಿಂಡ ನಾಶವಾಗುತ್ತದೆ. ಇಂಥ ವಿಷದ ಹೆಣಗಳು ನೂರಕ್ಕೆ ಒಂದಕ್ಕಿಂತ ಕಡಿಮೆಯಿದ್ದರೂ ಇಡೀ ಸಂತತಿ ಕುಸಿಯಲು ಸಾಕೆಂದು ಲೆಕ್ಕ ಹೇಳುತ್ತದೆ. ಏಕೆಂದರೆ ಒಂದು ಹೆಣಕ್ಕೆ ನೂರು ಅತಿಥಿಗಳು. ಅದೂ ಅಲ್ಲದೆ ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾಯಾಗಲು ಐದಾರು ವರ್ಷ ಬೇಕು. ೨೦೦೬ರಲ್ಲಿ ಜಾನುವಾರುಗಳಿಗೆ ಈ ಔಷಧವನ್ನು ಕೊಡುವುದು ನಿಷೇಧವಾಯಿತು. ಇದೇ ಬಗೆಯ ಹಾನಿಮಾಡುವ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳಿಗೆ ೨೦೨೩ರಲ್ಲಿ ನಿಷೇಧ ಬಂತು. ಹಕ್ಕಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮ್ ಎಂಬ ಬದಲಿ ಔಷಧ ಇದ್ದೇ ಇದೆ.

ನಮ್ಮ ಊರಿನ ಯಾವ ರೈತನೂ ಹದ್ದನ್ನು ಕೊಲ್ಲಬೇಕೆಂದು ಬಯಸಿದವನಲ್ಲ. ಎತ್ತಿನ ಕಾಲುನೋವು ಶಮನವಾಗಲೆಂದು ಚುಚ್ಚುಮದ್ದು ಹಾಕಿಸಿದನು. ಆ ಕರುಣೆಯೇ ಬಂಡೆಯ ಮೇಲಿನ ಗೂಡನ್ನು ಬರಿದುಮಾಡಿತು. ಹಾರಾಟ ಕಲಿಯುವವನ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಇನ್ನೊಂದು ನಷ್ಟವೂ ಇದೆ. ಈ ಸೀಮೆಯ ಗಾಳಿಯನ್ನು ತಲೆಮಾರುಗಳಿಂದ ಓದುತ್ತ ಬಂದವು ಆ ಹಕ್ಕಿಗಳು. ಒಂದು ಸುತ್ತತೊಡಗಿದರೆ ಅದನ್ನು ನೋಡಿ ಇನ್ನೊಂದು ಬರುತ್ತಿತ್ತು, ಅದನ್ನು ನೋಡಿ ಮತ್ತೊಂದು. ಓದುವವರು ನಾಲ್ಕೈದು ಮಂದಿಗೆ ಇಳಿದ ಭಾಷೆಯ ಗತಿ ಏನೆಂಬುದನ್ನು ಭಾಷೆಯ ಅಧ್ಯಾಪಕನಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಮತ್ತೊಮ್ಮೆ ಗಾಳಿಗೆ

ಮುಂದಿನ ಚಳಿಗಾಲದಲ್ಲಿ ಕಾಮಶೇತಿಗೆ ಮತ್ತೆ ಹೋದೆ. ಮನೆಯಲ್ಲಿ ಈ ಸಲ ಪ್ರಶ್ನೆ ಬರಲಿಲ್ಲ. ‘ಆಸೆ ಮಾಡಬೇಡಿ’ ಎಂಬ ಒಂದೇ ಮಾತು ಬಂತು. ಗುಡ್ಡದ ಮೇಲೆ ಒಂದು ಗಂಟೆ ಸುಮ್ಮನೆ ಕುಳಿತೆ. ಬಿಸಿಲು ಎಲ್ಲಿ ಮೊದಲು ಬಿತ್ತು, ಯಾವ ಹೊಲ ಒಣಗಿದೆ, ಹುಲ್ಲು ಯಾವ ಕಡೆಗೆ ಬಾಗುತ್ತಿದೆ ಎಂದು ನೋಡಿಕೊಂಡೆ. ಒಂದು ಹದ್ದು ಎಡಗಡೆಯ ಕೋಡಿನ ಮುಂದೆ ಎರಡು ಸುತ್ತು ಸುತ್ತಿ ಏರಿತು. ಓಡಿದೆ. ಕೋಡಿನ ಮುಂದೆ ಬಂದಾಗ ಆಸನ ಕುಸಿಯಿತು, ಹೊಟ್ಟೆ ತೊಳಸಿತು. ಒಳಿತಿನ ಮುನ್ಸೂಚನೆಯೆಂದು ಈಗ ತಿಳಿದಿತ್ತು. ಎಡ ರೆಕ್ಕೆ ಎದ್ದು ನನ್ನನ್ನು ಬಲಕ್ಕೆ ತಳ್ಳಿತು. ಭಯಪಡುತ್ತಲೇ ಎಡಕ್ಕೆ ಒರಗಿ, ಮೂರು ಎಣಿಸಿ, ಗುಡ್ಡದಿಂದ ಆಚೆಗೆ ತಿರುಗಿದೆ. ಮೊದಲ ಸುತ್ತಿನಲ್ಲಿ ಅರ್ಧ ಏರಿದೆ, ಅರ್ಧ ಇಳಿದೆ. ಏರಿದ ಅರ್ಧದ ಕಡೆಗೆ ವೃತ್ತವನ್ನು ಸರಿಸಿದೆ. ಮೂರನೆಯ ಸುತ್ತಿಗೆ ಯಂತ್ರ ನರಳುವುದನ್ನು ಬಿಟ್ಟು ಕೀಚುಗುಟ್ಟಿತು. ಹೊಲಗಳು ಚದುರಂಗದ ಮನೆಗಳಾದವು. ಹದ್ದು ಎದುರು ಬದಿಯಲ್ಲಿ, ನನ್ನಷ್ಟೇ ಎತ್ತರದಲ್ಲಿ, ಕುತ್ತಿಗೆ ಹೊರಳಿಸಿ ಒಮ್ಮೆ ನನ್ನನ್ನು ನೋಡಿತು. ಅನಂತರ ತನ್ನ ವೃತ್ತವನ್ನು ತುಸು ಕಿರಿದುಮಾಡಿ, ಅನಾಯಾಸವಾಗಿ ನನ್ನನ್ನು ಬಿಟ್ಟು ಮೇಲೆ ಹೋಯಿತು. ನಾನು ಗಳಿಸಿದ್ದು ಮುನ್ನೂರು ಮೀಟರ್. ಬಲ್ಲವರಿಗೆ ಅದು ಏನೂ ಅಲ್ಲ. ನನಗೆ ಅದು ತಪ್ಪಿಲ್ಲದೆ ಓದಿದ ಮೊದಲ ವಾಕ್ಯ.

ನಮ್ಮ ಊರಿನ ಬಂಡೆಗಳ ಮುಂದೆಯೂ ಒಮ್ಮೆ ಹಾರಬೇಕೆಂಬ ಆಸೆ ನನ್ನಲ್ಲಿ ಇದ್ದುದನ್ನು ಒಪ್ಪಿಕೊಳ್ಳುತ್ತೇನೆ. ಆ ಆಸೆಯನ್ನು ಬಿಟ್ಟಿದ್ದೇನೆ. ಬಣ್ಣದ ದೊಡ್ಡ ರೆಕ್ಕೆಯೊಂದು ಗೂಡಿನ ಮುಂದೆ ಸುಳಿದರೆ ಒಂದೇ ಮೊಟ್ಟೆಯ ಮೇಲೆ ಕುಳಿತ ತಾಯಿ ಎದ್ದು ಹೋದೀತು. ಗುರುವಿನ ಮನೆಯ ಬಾಗಿಲಲ್ಲಿ ನಿಂತು ನಾವು ಕಲಿತದ್ದನ್ನು ಪ್ರದರ್ಶಿಸುವುದು ಸಲ್ಲದು.

ಬದಲಿಗೆ ಕಳೆದ ಜನವರಿಯಲ್ಲಿ ಜಟಾಯುವಿನ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋದೆ. ಒಂಬತ್ತೂವರೆಯವರೆಗೆ ಹುಡುಗರು ತಮ್ಮ ತಮ್ಮ ಮೊಬೈಲುಗಳಲ್ಲಿ ಮಗ್ನರಾಗಿದ್ದರು. ಹತ್ತು ಗಂಟೆಯ ಹೊತ್ತಿಗೆ ಹದ್ದುಗಳು ಎದ್ದವು. ಅವುಗಳ ಆಚೆ, ಬಂಡೆಯ ನೆರಳಿನಿಂದ, ಬೆರಳು ಬಿಡಿಸಿದಂಥ ರೆಕ್ಕೆಯ ದೊಡ್ಡದೊಂದು ಹಕ್ಕಿ ಒಂದೇ ಒಂದು ಸಲ ರೆಕ್ಕೆ ಬಡಿದು ಹೊರಕ್ಕೆ ಜಾರಿತು. ನಾನು ಏನೂ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ, ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಕನಕಪುರ ಕಡೆಯ ಹುಡುಗಿಯೊಬ್ಬಳು, ‘ಸಾರ್, ಅದು ಬಿಸಿಲು ಬಿದ್ದ ಬಂಡೆಯ ಕಡೆಗೇ ಹೋಗುತ್ತಿದೆ. ಅಲ್ಲಿ ಸುತ್ತುತ್ತದೆ, ನೋಡಿ’ ಎಂದಳು. ಅದು ಅಲ್ಲಿಯೇ ಸುತ್ತಿತು. ಆಕೆ ಗಡಿಯಾರ ನೋಡಿ ನನ್ನ ನೋಟುಪುಸ್ತಕವನ್ನು ಕೇಳಿ ತೆಗೆದುಕೊಂಡು, ‘ಇಲ್ಲ’ಗಳ ಸಾಲಿನ ಕೆಳಗೆ ತನ್ನ ಅಕ್ಷರದಲ್ಲಿ ಬರೆದಳು: ೧೦ ಗಂಟೆ ೨೦ ನಿಮಿಷ. ಒಂದು.